ಹೇಗ್ ಕೋರ್ಟಿಗೆ ಅಮೀನನಿಲ್ಲ

2025ರ ಆಗಸ್ಟ್ 8ರಂದು ನೆದರ್‌ಲೆಂಡ್ಸ್‌ನ ಹೇಗ್ ನಗರದಿಂದ ಒಂದು ತೀರ್ಪು ಬಂತು. 1960ರ ಸಿಂಧೂ ನದಿ ಒಪ್ಪಂದದ ಪ್ರಕಾರ ಸಿಂಧೂ, ಝೀಲಂ, ಚೆನಾಬ್ ನದಿಗಳ ನೀರನ್ನು ಭಾರತ ಪಾಕಿಸ್ತಾನದ ಬಳಕೆಗೆ ಹರಿಯಲು ಬಿಡಬೇಕು. ಆ ನದಿಗಳ ಮೇಲೆ ವಿದ್ಯುತ್ ಯೋಜನೆ ಕಟ್ಟುವುದಿದ್ದರೆ ಒಪ್ಪಂದದಲ್ಲಿ ಬರೆದ ಕಟ್ಟುಪಾಡು ಮೀರಬಾರದು ಎಂಬುದು ಅದರ ತಿರುಳು. ವಾರದೊಳಗೆ ದೆಹಲಿ ಉತ್ತರ ಕೊಟ್ಟಿತು. ಈ ನ್ಯಾಯಮಂಡಳಿ ರಚನೆಯಾದದ್ದೇ ಕಾನೂನಿಗೆ ವಿರುದ್ಧ, ಅದರ ಮಾತಿಗೆ ನಮ್ಮ ಮಟ್ಟಿಗೆ ಬೆಲೆಯೇ ಇಲ್ಲ ಎಂದಿತು.

ಇದೇ ಹೇಗ್‌ನಿಂದ 2019ರ ಜುಲೈ 17ರಂದು ಪಾಕಿಸ್ತಾನದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಭಾರತೀಯ ಕುಲಭೂಷಣ್ ಜಾಧವ್ ಕೇಸಿನ ತೀರ್ಪು ಬಂದಾಗ ನಮ್ಮ ಟಿ.ವಿ. ಚಾನೆಲ್‌ಗಳಲ್ಲಿ ಹಬ್ಬ. ಪಾಕಿಸ್ತಾನಕ್ಕೆ ಮುಖಭಂಗ, ಅಂತರರಾಷ್ಟ್ರೀಯ ಕಾನೂನಿಗೆ ಜಯ ಅಂತೆಲ್ಲ ತಲೆಬರಹಗಳು. ಎರಡೂ ಬೇರೆ ಬೇರೆ ನ್ಯಾಯಪೀಠಗಳೇನೋ ಹೌದು. ಆದರೂ ಓದುಗರಿಗೆ ಅನುಮಾನ ಬರುವುದು ಸಹಜ. ಬೇಕಾದಾಗ ಕೋರ್ಟು, ಬೇಡವಾದಾಗ ಬರೀ ಕಾಗದ, ಅಷ್ಟೇನಾ?

ಅರ್ಧ ನಿಜ. ಎಲ್ಲ ದೇಶಗಳೂ ಹಾಗೆಯೇ ಮಾಡುತ್ತವೆ, ನಾವೂ ಹೊರತಲ್ಲ. ಉಳಿದರ್ಧವೇ ನನಗೆ ಜಾಸ್ತಿ ಕುತೂಹಲ ಹುಟ್ಟಿಸುವುದು. ಬೆಲೆಯೇ ಇಲ್ಲದ ಕಾಗದಕ್ಕೆ ಒಂದು ಸರ್ಕಾರ ಪ್ರತಿ ಸಲವೂ ಕೂತು ಉತ್ತರ ಬರೆಯುವುದು ಯಾಕೆ?

ಮೊದಲು ಹೇಗ್‌ನ ಮೂರು ಹೆಸರುಗಳನ್ನು ಬಿಡಿಸಿಕೊಳ್ಳೋಣ. ಅಂತರರಾಷ್ಟ್ರೀಯ ನ್ಯಾಯಾಲಯ, ಅಂದರೆ ಐಸಿಜೆ, ವಿಶ್ವಸಂಸ್ಥೆಯ ಕೋರ್ಟು. 15 ನ್ಯಾಯಾಧೀಶರು, ಒಬ್ಬೊಬ್ಬರಿಗೂ 9 ವರ್ಷ ಅವಧಿ. ಇಲ್ಲಿ ವಾದಿ ಪ್ರತಿವಾದಿ ಇಬ್ಬರೂ ದೇಶಗಳೇ. ಇಲ್ಲಿ ನ್ಯಾಯಾಧೀಶರಾದ ಮೊದಲ ಭಾರತೀಯ ನಮ್ಮ ಮಂಗಳೂರಿನ ಬೆನಗಲ್ ನರಸಿಂಗ ರಾವ್. ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರು, 1952ರಲ್ಲಿ ಹೇಗ್‌ಗೆ ಹೋದರು, ಮರುವರ್ಷವೇ ತೀರಿಕೊಂಡರು. ಎರಡನೆಯದು 1899ರಲ್ಲಿ ಹುಟ್ಟಿದ ಕಾಯಂ ಮಧ್ಯಸ್ಥಿಕೆ ನ್ಯಾಯಾಲಯ. ಹೆಸರಿನಲ್ಲಿ ಕಾಯಂ ಇದ್ದರೂ ಇಲ್ಲಿ ಕಾಯಂ ಪೀಠವಿಲ್ಲ. ಕೇಸು ಬಂದಾಗ ಆ ಕೇಸಿಗೆಂದೇ ಪಂಚರನ್ನು ಕೂರಿಸುತ್ತಾರೆ, ಕಚೇರಿ ಮತ್ತು ಗುಮಾಸ್ತಿಕೆ ಮಾತ್ರ ಇವರದು. ಸಿಂಧೂ ಕೇಸು ನಡೆದದ್ದು ಈ ವ್ಯವಸ್ಥೆಯಲ್ಲಿ. ಇವೆರಡೂ ಇರುವುದು ಶಾಂತಿ ಅರಮನೆ ಎಂಬ ಒಂದೇ ಕಟ್ಟಡದಲ್ಲಿ. ಮೂರನೆಯದು ಐಸಿಸಿ. ಕ್ರಿಕೆಟ್ಟಿನದ್ದಲ್ಲ, ಅಪರಾಧ ನ್ಯಾಯಾಲಯ. ಅದು ವಿಚಾರಣೆ ಮಾಡುವುದು ವ್ಯಕ್ತಿಗಳನ್ನು, ದೇಶಗಳನ್ನಲ್ಲ. ಅದರ ಮಾತು ಇಲ್ಲಿಗೆ ಬಿಡೋಣ.

ಇನ್ನು ಮುಖ್ಯ ವಿಷಯ. ತಾಲ್ಲೂಕು ಕೋರ್ಟಿನಲ್ಲಿ ಸಾಲದ ದಾವೆ ಗೆದ್ದವರಿಗೆ ಗೊತ್ತು, ಡಿಕ್ರಿ ಕೈಗೆ ಬಂದ ಮಾತ್ರಕ್ಕೆ ದುಡ್ಡು ಬರುವುದಿಲ್ಲ. ಅಮಲ್ಜಾರಿ ಅರ್ಜಿ ಹಾಕಬೇಕು. ಕೊನೆಗೊಂದು ದಿನ ಅಮೀನ ಜಪ್ತಿ ವಾರಂಟು ಹಿಡಿದು ಬಾಗಿಲಿಗೆ ಬರುತ್ತಾನೆ. ಅಲ್ಲಿಯವರೆಗೂ ಜಗ್ಗದ ಸಾಲಗಾರ ಆಗ ಜಗ್ಗುತ್ತಾನೆ. ಹೇಗ್‌ನಲ್ಲಿ ಡಿಕ್ರಿ ಉಂಟು, ಅಮೀನನಿಲ್ಲ.

ಇದು ಐಸಿಜೆಯ ಮೊದಲ ಕೇಸಿನಲ್ಲೇ ಗೊತ್ತಾಯಿತು. 1946ರಲ್ಲಿ ಅಲ್ಬೇನಿಯಾ ತೀರದ ಕಾರ್ಫು ಕಾಲುವೆಯಲ್ಲಿ ನೀರಿನಡಿಯ ಸಿಡಿಗುಂಡಿಗೆ ಸಿಕ್ಕಿ ಬ್ರಿಟನ್ನಿನ 44 ನಾವಿಕರು ಸತ್ತರು. 1949ರಲ್ಲಿ ಕೋರ್ಟು ಅಲ್ಬೇನಿಯಾಕ್ಕೆ 8,43,947 ಪೌಂಡ್ ಪರಿಹಾರ ಕೊಡಲು ಹೇಳಿತು. ಅಲ್ಬೇನಿಯಾ ಕೊಡಲಿಲ್ಲ. ವಿಷಯ ಇತ್ಯರ್ಥವಾದದ್ದು 1990ರ ದಶಕದಲ್ಲಿ. ಅದೂ ಚೌಕಾಸಿ ಮಾಡಿ, ಲಂಡನ್ನಿನಲ್ಲಿ ಸಿಕ್ಕಿಕೊಂಡಿದ್ದ ಅಲ್ಬೇನಿಯಾದ ಚಿನ್ನ ವಾಪಸ್ ಕೊಡುವ ಮಾತಿನ ಜೊತೆಗೆ.

ಸೋತವರು ತೀರ್ಪು ಪಾಲಿಸದಿದ್ದರೆ ಗೆದ್ದವರು ಭದ್ರತಾ ಮಂಡಳಿಗೆ ಹೋಗಬಹುದು ಎಂದು ವಿಶ್ವಸಂಸ್ಥೆಯ ಸನ್ನದಿನ 94ನೇ ವಿಧಿ ಹೇಳುತ್ತದೆ. ನಿಕರಾಗುವಾ ಹೋಗಿ ನೋಡಿತು. ಆ ಪುಟ್ಟ ದೇಶದ ಬಂದರುಗಳಲ್ಲಿ ಅಮೆರಿಕ ಸಿಡಿಗುಂಡಿ ಇಡಿಸಿತ್ತು, ಅಲ್ಲಿನ ಸರ್ಕಾರದ ವಿರುದ್ಧ ಬಂಡುಕೋರರಿಗೆ ದುಡ್ಡು, ಆಯುಧ, ತರಬೇತಿ ಕೊಟ್ಟಿತ್ತು. 1986ರ ಜೂನ್ 27ರಂದು ಐಸಿಜೆ ಅಮೆರಿಕದ್ದು ತಪ್ಪು ಎಂದಿತು. ಅಷ್ಟರಲ್ಲಾಗಲೇ ಅಮೆರಿಕ ವಿಚಾರಣೆಯಿಂದ ಎದ್ದು ಹೋಗಿತ್ತು. ತೀರ್ಪು ಪಾಲಿಸಿ ಎನ್ನುವ ನಿರ್ಣಯ ಭದ್ರತಾ ಮಂಡಳಿಗೆ ಬಂದಾಗ 11 ದೇಶಗಳು ಪರ, 3 ತಟಸ್ಥ, ವಿರೋಧ ಒಂದೇ ಒಂದು. ಆ ಒಂದು ಅಮೆರಿಕ. ವಿಟೊ ಇದ್ದವನಿಗೆ ಒಂದೇ ಸಾಕಲ್ಲ! ರಷ್ಯಾ ಕಥೆಯೂ ಅದೇ. ಉಕ್ರೇನ್ ಮೇಲಿನ ದಾಳಿ ನಿಲ್ಲಿಸಿ ಎಂದು 2022ರ ಮಾರ್ಚ್ 16ರಂದು ಐಸಿಜೆ 13–2 ಮತಗಳಿಂದ ಆದೇಶ ಕೊಟ್ಟಿತು. ಯುದ್ಧ ನಡೆಯುತ್ತಲೇ ಹೋಯಿತು.

ಇಷ್ಟು ಕೇಳಿದರೆ ಸುಮ್ನೆ ಬಾಗಿಲು ಮುಚ್ಚಿಬಿಡಿ ಅನಿಸುತ್ತೆ. ಆದರೆ ಈ ಕೋರ್ಟಿಗೆ ದೇಶಗಳು ಎಷ್ಟು ಹೆದರುತ್ತವೆ ಅನ್ನುವುದು ತೀರ್ಪಿನ ಆಮೇಲೆ ನೋಡಿದರೆ ಗೊತ್ತಾಗುವುದಿಲ್ಲ, ಮೊದಲು ನೋಡಬೇಕು. ಯಾವ ದೇಶವನ್ನೂ ಅದರ ಒಪ್ಪಿಗೆ ಇಲ್ಲದೆ ಐಸಿಜೆ ಕಟಕಟೆಗೆ ಎಳೆಯಲು ಬರುವುದಿಲ್ಲ. ಮುಂದೆ ಯಾರೇ ಕೇಸು ಹಾಕಿದರೂ ಬರುತ್ತೇನೆ ಎಂದು ಮುಂಚಿತವಾಗಿ ಬರೆದುಕೊಟ್ಟಿರುವುದು ಎಪ್ಪತ್ತು ಚಿಲ್ಲರೆ ದೇಶಗಳು ಮಾತ್ರ. ವಿಟೊ ಇರುವ ಐದರಲ್ಲಿ ಬ್ರಿಟನ್ ಒಂದೇ. ಭಾರತವೂ ಬರೆದುಕೊಟ್ಟಿದೆ. ಆದರೆ ಆ ಕಾಗದದಲ್ಲಿ ಒಪ್ಪಿಗೆಗಿಂತ ಷರತ್ತುಗಳೇ ಉದ್ದ. ಒಂದೊಂದು ಷರತ್ತಿನ ಹಿಂದೆಯೂ ಒಂದೊಂದು ಪೆಟ್ಟಿನ ನೆನಪಿದೆ.

ಉದಾಹರಣೆಗೆ, ನಮ್ಮ ಮೇಲೆ ಕೇಸು ಹಾಕುವ ದೇಶ ಕನಿಷ್ಠ 12 ತಿಂಗಳ ಮೊದಲೇ ಕೋರ್ಟಿನ ಅಧಿಕಾರ ಒಪ್ಪಿರಬೇಕು ಎನ್ನುವ ಷರತ್ತು. ಇದನ್ನು ಓದುವಾಗ ಪೋರ್ಚುಗಲ್ ನೆನಪಾಗದೆ ಇರುವುದಿಲ್ಲ. 1954ರಲ್ಲಿ ದಾದ್ರಾ ಮತ್ತು ನಗರ ಹವೇಲಿ ಪೋರ್ಚುಗೀಸರ ಕೈತಪ್ಪಿದವು. ಅಲ್ಲಿಗೆ ಸೈನ್ಯ ಕಳಿಸಬೇಕೆಂದರೆ ಭಾರತದ ನೆಲ ದಾಟಬೇಕು, ಭಾರತ ಬಿಡಲಿಲ್ಲ. 1955ರ ಡಿಸೆಂಬರ್ 19ರಂದು ಪೋರ್ಚುಗಲ್ ಐಸಿಜೆ ಅಧಿಕಾರಕ್ಕೆ ಒಪ್ಪಿಗೆ ಕೊಟ್ಟಿತು. 22ನೇ ತಾರೀಕು ಕೇಸು ಜಡಿಯಿತು. ಬರೀ ಮೂರು ದಿನ! ಇದು ಅನ್ಯಾಯ ಎಂದು ಭಾರತ ತಕರಾರು ಎತ್ತಿದರೂ ಕೋರ್ಟು ಕೇಳಲಿಲ್ಲ. 1960ರ ಏಪ್ರಿಲ್‌ನಲ್ಲಿ ಬಂದ ತೀರ್ಪು ನಾಜೂಕಾಗಿತ್ತು. ಸಾಮಾನ್ಯ ಜನ, ಸಿವಿಲ್ ಅಧಿಕಾರಿಗಳು, ಸರಕು ಓಡಾಡುವ ಹಕ್ಕು ಪೋರ್ಚುಗಲ್‌ಗೆ ಇತ್ತು. ಸೈನ್ಯ, ಸಶಸ್ತ್ರ ಪೊಲೀಸ್, ಮದ್ದುಗುಂಡು ಸಾಗಿಸುವ ಹಕ್ಕು ಇರಲಿಲ್ಲ. ಭಾರತ ತಪ್ಪೇನೂ ಮಾಡಿಲ್ಲ. ಮುಂದಿನ ವರ್ಷ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯೇ ಆಗಿಹೋಯಿತು.

ಇನ್ನೊಂದು ಷರತ್ತು ಕಾಮನ್‌ವೆಲ್ತ್ ದೇಶಗಳದು. ಆ ಕೂಟದ ಸದಸ್ಯ ದೇಶಗಳ ಜೊತೆಗಿನ ಜಗಳ ಐಸಿಜೆಗೆ ಬರಬಾರದು ಎಂಬುದು ಹಳೆಯ ನಿಲುವು. 1972ರಲ್ಲಿ ಪಾಕಿಸ್ತಾನ ಕಾಮನ್‌ವೆಲ್ತ್ ಬಿಟ್ಟು ಹೋಯಿತು. 1974ರಲ್ಲಿ ಭಾರತ ಹೊಸದಾಗಿ ಬರೆದುಕೊಟ್ಟ ಕಾಗದದಲ್ಲಿ ಸದಸ್ಯ ‘ಆಗಿರುವ ಅಥವಾ ಆಗಿದ್ದ’ ದೇಶ ಎಂದಿದೆ. ‘ಆಗಿದ್ದ’ ಎನ್ನುವುದು ಯಾರಿಗೆ ಹಾಕಿದ ಬೀಗ ಅಂತ ಬಿಡಿಸಿ ಹೇಳಬೇಕಿಲ್ಲ. ಅದು ಕೆಲಸಕ್ಕೂ ಬಂತು. 1999ರ ಆಗಸ್ಟ್ 10ರಂದು ಕಛ್ ಗಡಿಯಲ್ಲಿ ನಮ್ಮ ವಾಯುಪಡೆ ಪಾಕಿಸ್ತಾನ ನೌಕಾಪಡೆಯ ಅಟ್ಲಾಂಟಿಕ್ ವಿಮಾನವನ್ನು ಹೊಡೆದುರುಳಿಸಿತು, 16 ಮಂದಿ ಸತ್ತರು. ಪಾಕಿಸ್ತಾನ ಐಸಿಜೆಗೆ ಹೋಯಿತು. ಮರುವರ್ಷ ಜೂನ್‌ನಲ್ಲಿ ಕೋರ್ಟು 14–2 ಮತಗಳಿಂದ ಈ ಕೇಸು ಕೇಳುವ ಅಧಿಕಾರ ನಮಗಿಲ್ಲ ಎಂದು ಕೈಬಿಟ್ಟಿತು. 2019ರ ಸೆಪ್ಟೆಂಬರ್‌ನಲ್ಲಿ ಭಾರತ ಈ ಕಾಗದವನ್ನು ಮತ್ತೆ ಹೊಸದಾಗಿ ಬರೆದುಕೊಟ್ಟಿತು. ಆ ಬೀಗ ಹಾಗೆಯೇ ಇದೆ. ಲೆಕ್ಕಕ್ಕಿಲ್ಲದ ಕೋರ್ಟಿಗೆ ಯಾರೂ ಇಷ್ಟು ಬೀಗ ಹಾಕುವುದಿಲ್ಲ.

ಹಾಗಿದ್ದರೆ ಜಾಧವ್ ಕೇಸಿನಲ್ಲಿ ಭಾರತವೇ ಪಾಕಿಸ್ತಾನವನ್ನು ಎಳೆದುತಂದದ್ದು ಹೇಗೆ? ಪಕ್ಕದ ಬಾಗಿಲಿನಿಂದ. ವಿದೇಶದಲ್ಲಿ ಬಂಧನವಾದವರನ್ನು ಅವರ ದೇಶದ ಕಾನ್ಸುಲರ್, ಅಂದರೆ ರಾಯಭಾರ ಕಚೇರಿಯ, ಅಧಿಕಾರಿಗಳು ಭೇಟಿಯಾಗಬಹುದು ಎಂದು 1963ರ ವಿಯೆನ್ನಾ ಒಪ್ಪಂದ ಹೇಳುತ್ತದೆ. ಅದರ ಜೊತೆಗೊಂದು ಐಚ್ಛಿಕ ಒಡಂಬಡಿಕೆ ಇದೆ, ಈ ಬಗ್ಗೆ ಜಗಳ ಬಂದರೆ ಐಸಿಜೆ ತೀರ್ಮಾನಿಸಲಿ ಎಂದು. ಎರಡೂ ದೇಶಗಳು ಅದಕ್ಕೆ ಸೇರಿವೆ. ಆದ್ದರಿಂದಲೇ ಇಡೀ ಕೇಸು ಜಾಧವ್ ಗೂಢಚಾರನೋ ಅಲ್ಲವೋ ಎನ್ನುವುದರ ಮೇಲೆ ನಡೆಯಲಿಲ್ಲ. ಕಾನ್ಸುಲರ್ ಭೇಟಿಗೆ ಬಿಟ್ಟರೋ ಇಲ್ಲವೋ ಎನ್ನುವ ಒಂದೇ ಪ್ರಶ್ನೆಯ ಮೇಲೆ ನಡೆಯಿತು. 2017ರ ಏಪ್ರಿಲ್ 10ರಂದು ಪಾಕಿಸ್ತಾನದ ಸೇನಾ ಕೋರ್ಟಿನ ಮರಣದಂಡನೆ ಹೊರಗೆ ಬಂತು. ಮೇ 8ಕ್ಕೆ ಭಾರತ ಹೇಗ್‌ನಲ್ಲಿ ಅರ್ಜಿ ಹಾಕಿತು. ಮೇ 18ಕ್ಕೆ ಗಲ್ಲಿಗೆ ತಡೆ ಬಿತ್ತು. ನಮ್ಮ ಕೋರ್ಟುಗಳಲ್ಲಿ ಹತ್ತು ದಿನಕ್ಕೆ ನೋಟಿಸೂ ತಲುಪುವುದಿಲ್ಲ!

ಎರಡು ವರ್ಷದ ನಂತರ ಬಂದ ತೀರ್ಪಿನಲ್ಲಿ 15–1 ಅಂತರ. ಆ ಒಬ್ಬರು ಪಾಕಿಸ್ತಾನ ಈ ಕೇಸಿಗೆಂದು ನೇಮಿಸಿದ್ದ ತಾತ್ಕಾಲಿಕ ನ್ಯಾಯಾಧೀಶರು. ತನ್ನ ದೇಶದವರು ಪೀಠದಲ್ಲಿ ಇಲ್ಲದಿದ್ದರೆ ಹೀಗೊಬ್ಬರನ್ನು ಕೂರಿಸಲು ಅವಕಾಶವಿದೆ, ಪೋರ್ಚುಗಲ್ ಕೇಸಿನಲ್ಲಿ ನಮ್ಮ ಪರವಾಗಿ ಎಂ.ಸಿ. ಚಾಗ್ಲಾ ಕೂತಿದ್ದರು. ಆದರೆ ಟಿ.ವಿ.ಯವರು ಅವತ್ತು ಹೇಳದೆ ಬಿಟ್ಟ ಮಾತೊಂದಿದೆ. ಶಿಕ್ಷೆ ರದ್ದು ಮಾಡಿ, ಬಿಡುಗಡೆ ಮಾಡಿ, ಊರಿಗೆ ಕಳಿಸಿ ಎಂಬ ಭಾರತದ ಬೇಡಿಕೆಗಳನ್ನು ಕೋರ್ಟು ಒಪ್ಪಲಿಲ್ಲ. ಭೇಟಿಗೆ ಬಿಡಿ, ಶಿಕ್ಷೆಯನ್ನು ಸರಿಯಾಗಿ ಮರುಪರಿಶೀಲಿಸಿ, ಅಲ್ಲಿಯವರೆಗೆ ಗಲ್ಲಿಗೇರಿಸಬೇಡಿ ಎಂದಷ್ಟೇ ಹೇಳಿತು.

ಪಾಕಿಸ್ತಾನ ಪಾಲಿಸಿತಾ? 2019ರ ಸೆಪ್ಟೆಂಬರ್ 2ರಂದು ಭೇಟಿಗೆ ಬಿಟ್ಟರು. ಜಾಧವ್ ಒತ್ತಡದಲ್ಲಿದ್ದಂತಿತ್ತು, ಇದು ಮುಕ್ತ ಭೇಟಿಯಲ್ಲ ಎಂದು ಭಾರತ ಹೇಳಿತು. 2020ರಲ್ಲಿ ಸುಗ್ರೀವಾಜ್ಞೆ ತಂದರು, 2021ರಲ್ಲಿ ಸೇನಾ ಕೋರ್ಟಿನ ಶಿಕ್ಷೆಯನ್ನು ಹೈಕೋರ್ಟು ಮರುಪರಿಶೀಲಿಸಲು ಕಾಯ್ದೆಯನ್ನೇ ಮಾಡಿದರು. ಅದು ಬರೀ ತೋರಿಕೆ, ಲೋಪಗಳ ಕಂತೆ ಎಂಬುದು ಭಾರತದ ದೂರು. ಅದೂ ಸರಿಯೇ ಇರಬಹುದು. ಜಾಧವ್ ಇನ್ನೂ ಅಲ್ಲಿನ ಜೈಲಿನಲ್ಲೇ ಇದ್ದಾರೆ. ಆದರೆ ಅವರ ಜೀವ ಉಳಿದಿದೆ. ಪಾಕಿಸ್ತಾನದಂಥ ದೇಶದ ಸಂಸತ್ತು ಹೇಗ್‌ನ ತೀರ್ಪಿಗಾಗಿ ಒಂದು ಕಾಯ್ದೆ ಪಾಸು ಮಾಡಿತು ಎನ್ನುವುದು ಸಣ್ಣ ಮಾತಲ್ಲ. ಇಂಥದ್ದೇ ಕೇಸಿನಲ್ಲಿ ಅಮೆರಿಕ ಇಷ್ಟನ್ನೂ ಮಾಡಲಿಲ್ಲ. ಮೆಕ್ಸಿಕೊದ 51 ಮಂದಿ ಮರಣದಂಡನೆ ಕೈದಿಗಳ ವಿಷಯದಲ್ಲಿ 2004ರಲ್ಲಿ ಐಸಿಜೆ ಮರುಪರಿಶೀಲನೆಗೆ ಹೇಳಿತ್ತು. ಮರುವರ್ಷ ಅಮೆರಿಕ ಆ ಐಚ್ಛಿಕ ಒಡಂಬಡಿಕೆಯಿಂದಲೇ ಹೊರಗೆ ಬಂತು. 2008ರಲ್ಲಿ ಟೆಕ್ಸಾಸ್ ಅವರಲ್ಲೊಬ್ಬನನ್ನು ಕೊಂದೇಬಿಟ್ಟಿತು.

ಸೋತೂ ಒಪ್ಪಿಕೊಂಡವರ ಕಥೆಗಳು ಸುದ್ದಿಯಾಗುವುದಿಲ್ಲ. ಅದರಲ್ಲಿ ನಮ್ಮದೂ ಒಂದಿದೆ. ಬಂಗಾಳ ಕೊಲ್ಲಿಯಲ್ಲಿ ಭಾರತ ಮತ್ತು ಬಾಂಗ್ಲಾದೇಶದ ಸಮುದ್ರ ಗಡಿ ಎಲ್ಲಿ ಎಂಬುದು ದಶಕಗಳ ತಕರಾರು. ಅದರ ನಡುವೆ ಒಂದು ದ್ವೀಪ. 1970ರ ಚಂಡಮಾರುತದ ನಂತರ ಹರಿಯಾಭಂಗಾ ನದಿಯ ಮುಖದಲ್ಲಿ ಮರಳು ಗುಡ್ಡೆಯಾಗಿ ಎದ್ದಿತು. ನಮಗೆ ಅದು ನ್ಯೂ ಮೂರ್, ಅವರಿಗೆ ದಕ್ಷಿಣ ತಲಪಟ್ಟಿ. ಎರಡೂ ದೇಶಗಳು ನಮ್ಮದು ಎಂದು ಗುದ್ದಾಡಿದವು. 2010ರ ಹೊತ್ತಿಗೆ ಆ ದ್ವೀಪವೇ ಸಮುದ್ರದಲ್ಲಿ ಮುಳುಗಿಹೋಗಿತ್ತು. 2009ರಲ್ಲಿ ಬಾಂಗ್ಲಾದೇಶ ಸಮುದ್ರ ಕಾನೂನಿನಡಿ ಪಂಚರ ಮುಂದೆ ಹೋಯಿತು. ಪಂಚರು 2013ರಲ್ಲಿ ಖುದ್ದಾಗಿ ಬಂದು ಆ ನದಿಮುಖ ನೋಡಿಕೊಂಡು ಹೋದರು. ದೇಶ ವಿಭಜನೆಯ ಗಡಿ ಗೆರೆ ಎಳೆದ 1947ರ ರಾಡ್‌ಕ್ಲಿಫ್ ನಕ್ಷೆ ಹರಡಿ, ಭೂಗಡಿ ಸಮುದ್ರ ಮುಟ್ಟುವ ಜಾಗ ಯಾವುದು ಎಂದು ಹುಡುಕಿದರು. 2014ರ ಜುಲೈ 7ರಂದು ತೀರ್ಪು. ವಿವಾದದ 25,602 ಚದರ ಕಿ.ಮೀ. ಸಮುದ್ರದಲ್ಲಿ 19,467 ಚದರ ಕಿ.ಮೀ. ಬಾಂಗ್ಲಾದೇಶಕ್ಕೆ. ನಮಗೆ ಉಳಿದದ್ದು ಕಾಲು ಭಾಗಕ್ಕಿಂತ ಕಮ್ಮಿ, ಮತ್ತು ಮುಳುಗಿದ ದ್ವೀಪ ಇದ್ದ ಜಾಗ.

ದೆಹಲಿ ತೀರ್ಪನ್ನು ಒಪ್ಪಿಕೊಂಡಿತು. ಗಲಾಟೆ ಇಲ್ಲ, ಬಂದ್ ಇಲ್ಲ. ಯಾಕೆ? ಸಮುದ್ರದಲ್ಲಿ ಊರಿಲ್ಲ, ಮತದಾರರಿಲ್ಲ. ಗಡಿ ಯಾವುದೆಂದು ಗೊತ್ತಾಗದೆ ತೈಲ ಕಂಪನಿಗಳು ಅಲ್ಲಿ ಕೊರೆಯಲು ಬರುವುದಿಲ್ಲ. ಢಾಕಾದ ಸ್ನೇಹ ದೆಹಲಿಗೆ ಆಗ ಬೇಕಿತ್ತು. ಜೊತೆಗೆ ಚೀನಾ ತನ್ನ ನೆರೆಯವರ ಸಮುದ್ರ ಕಬಳಿಸುತ್ತಿದೆ ಎಂದು ದೂರುವ ದೇಶ, ತಾನೇ ಸಣ್ಣ ನೆರೆಯವರ ವಿರುದ್ಧದ ತೀರ್ಪನ್ನು ಒದೆಯಲಾದೀತಾ? ಬೇರೆ ಕಡೆಯೂ ಇಂಥ ಲೆಕ್ಕಾಚಾರವೇ ಕೆಲಸ ಮಾಡಿದೆ. ಔಝು ಪಟ್ಟಿಗಾಗಿ ಚಾಡ್ ಜೊತೆ ಯುದ್ಧವನ್ನೇ ಮಾಡಿದ್ದ ಲಿಬಿಯಾ 1994ರಲ್ಲಿ ಸೋತು ನಾಲ್ಕು ತಿಂಗಳೊಳಗೆ ಸೈನ್ಯ ವಾಪಸ್ ಕರೆಸಿಕೊಂಡಿತು. ಅದೂ ಗಡಾಫಿ ಕಾಲದ ಲಿಬಿಯಾ! ಬಕಾಸಿ ಪರ್ಯಾಯ ದ್ವೀಪವನ್ನು 2002ರಲ್ಲಿ ಸೋತ ನೈಜೀರಿಯಾ ಆರು ವರ್ಷ ಎಳೆದಾಡಿ, 2008ರಲ್ಲಿ ಕ್ಯಾಮರೂನ್‌ಗೆ ಒಪ್ಪಿಸಿತು. ಗಡಿರೇಖೆ, ಪರಿಹಾರದ ಹಣ, ಇಂಥ ಅಳೆಯಬಹುದಾದ ವಿಷಯಗಳಲ್ಲಿ ತೀರ್ಪು ಬಹಳ ಸಲ ನಡೆಯುತ್ತದೆ. ಸೋತ ಸರ್ಕಾರಕ್ಕೂ ‘ನಾವು ಬಿಟ್ಟುಕೊಟ್ಟಿದ್ದಲ್ಲ, ಕೋರ್ಟು ಹೇಳಿತು’ ಎನ್ನಲು ಒಂದು ನೆಪ ಸಿಗುತ್ತದೆ. ಯುದ್ಧ ನಿಲ್ಲಿಸು ಎಂದಾಗ ಆ ನೆಪ ಯಾರಿಗೂ ಬೇಕಾಗುವುದಿಲ್ಲ.

ಪ್ರೇಯಾ ವಿಹಾರ್ ಶಿವ ದೇವಾಲಯದ ಕೇಸು ಇನ್ನೂ ಸ್ವಾರಸ್ಯ. ಥಾಯ್ಲೆಂಡ್ ಮತ್ತು ಕಾಂಬೋಡಿಯಾ ಗಡಿಯ ಬೆಟ್ಟದ ತುದಿಯಲ್ಲಿರುವ ಗುಡಿ ಅದು. ಗಡಿ ಜಲವಿಭಾಜಕ ರೇಖೆಯಲ್ಲಿ, ಅಂದರೆ ಮಳೆನೀರು ಎರಡು ಕಡೆಗೆ ಹಂಚಿಹೋಗುವ ಬೆಟ್ಟದ ನೆತ್ತಿಯಲ್ಲಿ, ಸಾಗಬೇಕು ಎಂದು ಹಳೆಯ ಒಪ್ಪಂದ. ಆದರೆ 1907ರ ಸುಮಾರಿಗೆ, ಆಗ ಕಾಂಬೋಡಿಯಾ ಆಳುತ್ತಿದ್ದ ಫ್ರೆಂಚ್ ಅಧಿಕಾರಿಗಳು ಬಿಡಿಸಿದ ನಕ್ಷೆಯಲ್ಲಿ ಗುಡಿ ಕಾಂಬೋಡಿಯಾ ಕಡೆಗಿತ್ತು. ಆಗಿನ ಸಯಾಂ, ಅಂದರೆ ಥಾಯ್ಲೆಂಡ್, ನಕ್ಷೆ ಇಸಿದುಕೊಂಡಿತು, ತಪ್ಪಾಗಿದೆ ಎನ್ನಲಿಲ್ಲ. 1930ರಲ್ಲಿ ಸಯಾಂನ ರಾಜಕುಮಾರ ದಾಮ್ರೋಂಗ್ ಗುಡಿ ನೋಡಲು ಹೋದ. ಅಲ್ಲಿ ಫ್ರೆಂಚ್ ಬಾವುಟ ಹಾರುತ್ತಿತ್ತು, ಫ್ರೆಂಚ್ ಅಧಿಕಾರಿ ಬಂದು ಸ್ವಾಗತಿಸಿದ. ರಾಜಕುಮಾರ ತಕರಾರು ತೆಗೆಯುವುದಿರಲಿ, ವಾಪಸ್ ಹೋದಮೇಲೆ ಭೇಟಿಯ ಫೋಟೊಗಳನ್ನು ಆ ಅಧಿಕಾರಿಗೆ ಕಳಿಸಿಕೊಟ್ಟ. 1962ರಲ್ಲಿ ಐಸಿಜೆ ಇದನ್ನೆಲ್ಲ ಹೆಕ್ಕಿ ತೆಗೆಯಿತು. ಐವತ್ತು ವರ್ಷ ಸುಮ್ಮನಿದ್ದಿರಿ, ಅಂದರೆ ಒಪ್ಪಿದಿರಿ ಎಂದು ಗುಡಿಯನ್ನು 9–3ರಿಂದ ಕಾಂಬೋಡಿಯಾಕ್ಕೆ ಕೊಟ್ಟಿತು. ಮೌನಂ ಸಮ್ಮತಿ ಲಕ್ಷಣಂ! ಥಾಯ್ಲೆಂಡ್ ಪ್ರತಿಭಟಿಸುತ್ತಲೇ ಗುಡಿ ಬಿಟ್ಟುಕೊಟ್ಟಿತು. ಸುತ್ತಲಿನ ಗಡಿಯ ಜಗಳ ಮಾತ್ರ ಉಳಿಯಿತು, 2025ರ ಜುಲೈನಲ್ಲಿ ಐದು ದಿನ ಗುಂಡಿನ ಕಾಳಗ ನಡೆದು ಹತ್ತಾರು ಜನ ಸತ್ತರು. ಕಾಂಬೋಡಿಯಾ ಮತ್ತೆ ಐಸಿಜೆಗೆ ಹೋಗೋಣ ಎನ್ನುತ್ತದೆ. ಥಾಯ್ಲೆಂಡ್ ಸುತರಾಂ ಒಲ್ಲೆ ಎನ್ನುತ್ತದೆ. ಒಮ್ಮೆ ಕೈಸುಟ್ಟುಕೊಂಡವರು.

ಆ ಫೋಟೊಗಳ ಪಾಠವನ್ನು ಎಲ್ಲ ವಿದೇಶಾಂಗ ಇಲಾಖೆಗಳೂ ಕಲಿತಿವೆ. ದಕ್ಷಿಣ ಚೀನಾ ಸಮುದ್ರದ ವಿಷಯದಲ್ಲಿ ಫಿಲಿಪ್ಪೀನ್ಸ್ 2013ರಲ್ಲಿ ಕೇಸು ಹಾಕಿದಾಗ ಚೀನಾ ಬರುವುದಿಲ್ಲ ಎಂದಿತು. ಆದರೂ 2014ರ ಡಿಸೆಂಬರ್‌ನಲ್ಲಿ ತನ್ನ ವಾದವನ್ನೆಲ್ಲ ವಿವರವಾಗಿ ಬರೆದು ಪ್ರಕಟಿಸಿತು. ಪಂಚರು ಅದನ್ನೇ ಚೀನಾದ ತಕರಾರು ಅರ್ಜಿ ಎಂದು ಭಾವಿಸಿ ವಿಚಾರಣೆ ಮಾಡಿದರು. 2016ರ ಜುಲೈ 12ರಂದು, ಆ ಸಮುದ್ರದ ಬಹುಪಾಲು ತನ್ನದೆಂದು ತೋರಿಸುವ ಚೀನಾದ ಒಂಬತ್ತು ಗೆರೆಗಳ ನಕ್ಷೆಗೆ ಕಾನೂನಿನ ಆಧಾರವಿಲ್ಲ ಎಂದರು. ಚೀನಾ ಒಂದಿಂಚೂ ಸರಿಯಲಿಲ್ಲ. ಆದರೆ ಅವತ್ತಿನಿಂದ ಆ ಸಮುದ್ರದಲ್ಲಿ ಯಾವ ದೇಶದ ಹಡಗು ಹೋದರೂ, ಯಾವ ಶೃಂಗಸಭೆ ನಡೆದರೂ ಆ ತೀರ್ಪಿನ ಪ್ರಸ್ತಾಪ ಬರುತ್ತದೆ, ಚೀನಾ ಪ್ರತಿಸಲ ಉತ್ತರ ಹೇಳಬೇಕಾಗುತ್ತದೆ. ಕೋರ್ಟಿಗೆ ಬರದವರೂ ಜವಾಬು ಕೊಡುವುದು ತಪ್ಪುವುದಿಲ್ಲ. ನನ್ನ ಪ್ರಕಾರ ಹೇಗ್‌ನ ಅಧಿಕಾರ ಇರುವುದು ಇಲ್ಲಿ.

ಸಿಂಧೂ ಕೇಸಿನಲ್ಲಿ ಭಾರತ ಮಾಡುತ್ತಿರುವುದೂ ಇದನ್ನೇ. ಈ ವಿಷಯದಲ್ಲಿ ನಾವು ಮೊದಲಿನಿಂದ ಮೊಂಡು ಹಿಡಿದವರಲ್ಲ. ಬಗ್ಲಿಹಾರ್ ಅಣೆಕಟ್ಟಿನ ಬಗ್ಗೆ 2007ರಲ್ಲಿ ತಟಸ್ಥ ತಜ್ಞರು ಕೆಲವು ಬದಲಾವಣೆ ಹೇಳಿದಾಗ ಒಪ್ಪಿದೆವು. ಕಿಶನ್‌ಗಂಗಾ ವಿದ್ಯುತ್ ಯೋಜನೆಯ ಕೇಸಿನಲ್ಲಿ ನ್ಯಾಯಮಂಡಳಿಯ ಮುಂದೆ ಕೂತು ವಾದಿಸಿದೆವು. ನದಿ ತಿರುಗಿಸಬಹುದು, ಆದರೆ ಕೆಳಗಡೆಗೆ ಸೆಕೆಂಡಿಗೆ ಕನಿಷ್ಠ 9 ಘನ ಮೀಟರ್ ನೀರು ಬಿಡಬೇಕು ಎಂಬ 2013ರ ತೀರ್ಪನ್ನು ಒಪ್ಪಿಕೊಂಡೆವು. ಆಮೇಲೆ ತಿಕ್ಕಾಟ ಶುರುವಾಯಿತು. 2015ರಲ್ಲಿ ಪಾಕಿಸ್ತಾನ ಕಿಶನ್‌ಗಂಗಾ ಮತ್ತು ರಾತ್ಲೆ ಯೋಜನೆಗಳ ಬಗ್ಗೆ ತಟಸ್ಥ ತಜ್ಞರು ಬೇಕು ಎಂದಿತು, ಮರುವರ್ಷ ಮನಸ್ಸು ಬದಲಿಸಿ ನ್ಯಾಯಮಂಡಳಿ ಬೇಕು ಎಂದಿತು. ಭಾರತ ತಜ್ಞರೇ ಸಾಕು ಎಂದಿತು. ಒಪ್ಪಂದಕ್ಕೆ ಮಧ್ಯಸ್ಥಿಕೆ ವಹಿಸಿದ್ದ ವಿಶ್ವಬ್ಯಾಂಕ್ 2022ರಲ್ಲಿ ಎರಡನ್ನೂ ನೇಮಿಸಿತು. ಒಂದೇ ಪ್ರಶ್ನೆಗೆ ಇಬ್ಬರಿಂದ ಎರಡು ಉತ್ತರ ಬಂದರೆ ಏನು ಗತಿ ಎಂಬ ಭಾರತದ ಆಕ್ಷೇಪದಲ್ಲಿ ಹುರುಳಿದೆ. ಭಾರತ ತಜ್ಞರ ಮುಂದೆ ಹೋಯಿತು, ನ್ಯಾಯಮಂಡಳಿಯ ಕಡೆ ತಲೆ ಹಾಕಲಿಲ್ಲ. 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯ ಮರುದಿನ ಇಡೀ ಒಪ್ಪಂದವನ್ನೇ ಅಮಾನತಿನಲ್ಲಿಟ್ಟಿತು. ಒಪ್ಪಂದ ಅಮಾನತಾದರೂ ನಮ್ಮ ಅಧಿಕಾರಕ್ಕೆ ಕುಂದಿಲ್ಲ ಎಂದು ನ್ಯಾಯಮಂಡಳಿ ಜೂನ್‌ನಲ್ಲಿ ಹೇಳಿತು. ಅದನ್ನೂ ಭಾರತ ತಿರಸ್ಕರಿಸಿತು. ಬಾಯಿ ಮಾತಿನಲ್ಲಲ್ಲ, ಅಧಿಕೃತ ಹೇಳಿಕೆ ಕೊಟ್ಟು.

ನದಿ ಜಗಳದಲ್ಲಿ ನ್ಯಾಯಮಂಡಳಿಯ ಆದೇಶ ಒಲ್ಲೆ ಎನ್ನುವುದು ಕರ್ನಾಟಕಕ್ಕೆ ಹೊಸದಲ್ಲ. 1991ರಲ್ಲಿ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ 205 ಟಿಎಂಸಿ ನೀರು ಬಿಡಿ ಎಂದಾಗ ಬಂಗಾರಪ್ಪನವರ ಸರ್ಕಾರ ಸುಗ್ರೀವಾಜ್ಞೆ ತಂದು ಅದನ್ನು ಬದಿಗಿಟ್ಟಿತು. ನಾಲ್ಕು ತಿಂಗಳಲ್ಲಿ ಸುಪ್ರೀಂ ಕೋರ್ಟು ಸುಗ್ರೀವಾಜ್ಞೆಯನ್ನೇ ಸಂವಿಧಾನಬಾಹಿರ ಎಂದಿತು. ದೇಶ ದೇಶಗಳ ನಡುವೆ ಅಂಥ ಮೇಲಿನ ಕೋರ್ಟು ಇಲ್ಲ. ಐಸಿಜೆಗೆ ಹೋಗೋಣವೆಂದರೆ ಪಾಕಿಸ್ತಾನಕ್ಕೆ ಆ ಹಳೆಯ ಕಾಮನ್‌ವೆಲ್ತ್ ಬೀಗ ಎದುರಾಗುತ್ತದೆ.

ಒಪ್ಪಂದದ 12ನೇ ವಿಧಿಯ ಪ್ರಕಾರ ಎರಡೂ ಸರ್ಕಾರಗಳು ಸೇರಿ ಇನ್ನೊಂದು ಒಪ್ಪಂದ ಮಾಡಿಕೊಳ್ಳುವ ತನಕ 1960ರದ್ದು ಮುಗಿಯುವುದಿಲ್ಲ. ಭಾರತ 2023ರ ಜನವರಿಯಲ್ಲಿ ಒಮ್ಮೆ, 2024ರ ಆಗಸ್ಟ್‌ನಲ್ಲಿ ಇನ್ನೊಮ್ಮೆ ಅದನ್ನು ತಿದ್ದೋಣ ಬನ್ನಿ ಎಂದು ನೋಟಿಸ್ ಕೊಟ್ಟಿದೆ. ಇವತ್ತಲ್ಲ ನಾಳೆ ಎರಡೂ ಕಡೆಯವರು ಕೂತರೆ ಯಾವ ನದಿ ಯಾರಿಗೆ ಎನ್ನುವುದಕ್ಕಿಂತ ಜಾಸ್ತಿ ಜಗ್ಗಾಟ ನಡೆಯುವುದು 9ನೇ ವಿಧಿಯ ಮೇಲೆ ಇರಬೇಕು. ಜಗಳ ಬಂದರೆ ಯಾರ ಬಳಿ ಹೋಗುವುದು, ತಜ್ಞರ ಬಳಿಗಾ, ಪಂಚರ ಬಳಿಗಾ, ಮೊದಲು ಯಾರು, ಅವರನ್ನು ನೇಮಿಸುವವರು ಯಾರು ಎನ್ನುವುದೆಲ್ಲ ಇರುವುದು ಆ ವಿಧಿಯಲ್ಲೇ.